ದಿನಾಂಕ, ಸಮಯ, ಜಾಗ, ನೋಡಿದವರು

ಒಬ್ಬ ನನ್ನ ಬೆನ್ನು ಹತ್ತಿದ್ದನ್ನು ಮೊದಲ ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಮನೆಯವರು ಬೆಂಗಳೂರಿನ ಕೆಲಸ ಬಿಡಿಸುತ್ತಾರೆ ಎಂಬ ಭಯ.

ಅವನು ಹಳೇ ಆಫೀಸಿನವನು. ಮದುವೆಗೆ ಕೇಳಿದ, ಆಗಲ್ಲ ಅಂದೆ. ಆಮೇಲೆ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ, ಸಂಜೆ ಪಿಜಿ ಗೇಟಿನ ಎದುರು ನಿಲ್ಲತೊಡಗಿದ. ನಂಬರ್ ಬ್ಲಾಕ್ ಮಾಡಿದರೆ ಬೇರೆ ನಂಬರಿನಿಂದ ಮೆಸೇಜು: 'ಇವತ್ತು ಹಸಿರು ಚೂಡಿದಾರ್ ಚೆನ್ನಾಗಿದೆ.' ಆವತ್ತು ಅನ್ನ ಗಂಟಲಲ್ಲಿ ಇಳಿಯಲಿಲ್ಲ.

ಪಿಜಿ ನಡೆಸುವ ಆಂಟಿಯೇ ನನ್ನ ಮುಖ ನೋಡಿ ಕೇಳಿದರು. ಎಲ್ಲ ಹೇಳಿಬಿಟ್ಟೆ. 'ನಿಂದೇನೂ ತಪ್ಪಿಲ್ಲ ಮಗಳೇ, ಮೊದ್ಲು ಎಲ್ಲಾ ಬರೆದಿಡು' ಅಂದರು. ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆದೆ: ದಿನಾಂಕ, ಸಮಯ, ಜಾಗ, ನೋಡಿದವರು. ಅಸಹ್ಯಪಟ್ಟು ಎಷ್ಟೋ ಮೆಸೇಜು ಅಳಿಸಿದ್ದೆ. ದಯವಿಟ್ಟು ಅಳಿಸಬೇಡಿ. ನಂಬರು, ಸಮಯ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ಇನ್ನೊಬ್ಬರಿಗೂ ಕಳಿಸಿಡಿ.

ಸ್ಟೇಷನ್ನಿಗೆ ಹೋದರೆ, 'ನಂಬರ್ ಚೇಂಜ್ ಮಾಡಮ್ಮ' ಅಂದರು. ಅಳುತ್ತಾ ಬಂದೆ. ಆಂಟಿ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿಸಿದರು. ಅವರು ಸಖಿ ಕೇಂದ್ರಕ್ಕೆ, ಅಂದರೆ ತೊಂದರೆಯಲ್ಲಿರುವ ಹೆಂಗಸರಿಗೆ ನೆರವಾಗುವ ಸರ್ಕಾರಿ ಕೇಂದ್ರಕ್ಕೆ ಕಳಿಸಿದರು. ಅಲ್ಲಿನ ಮೇಡಂ ಪಕ್ಕದಲ್ಲೇ ಕೂತು ದೂರು ಬರೆಸಿದರು. ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂನಲ್ಲಿ ಹೀಗೆ ಬೆನ್ನು ಹತ್ತುವುದು ಅಪರಾಧ, ಮೊದಲ ಸಲಕ್ಕೇ 3 ವರ್ಷದವರೆಗೆ ಶಿಕ್ಷೆ ಆಗಬಹುದು ಅಂತ ಗೊತ್ತಾಗಿದ್ದು ಅಲ್ಲೇ. ನನ್ನ ಹೇಳಿಕೆಯನ್ನು ಮಹಿಳಾ ಅಧಿಕಾರಿಯೇ ಬರೆದುಕೊಳ್ಳಬೇಕು, ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ಸ್ಟೇಷನ್ನಿನಲ್ಲಿ ದೂರು ತೆಗೆದುಕೊಳ್ಳದಿದ್ದರೆ ಪೋಸ್ಟಿನಲ್ಲಿ ಎಸ್‌ಪಿಗೆ ಕಳಿಸಬಹುದು, ಬೆಂಗಳೂರಿನಂಥ ಊರಲ್ಲಿ ಡಿಸಿಪಿಗೆ. ಈ ಸಲ ಮೇಡಂ ಜೊತೆಗೇ ಬಂದರು. ಎಫ್‌ಐಆರ್ ಆಯಿತು.

ಮೊದಲ ಸಲದ ಕೇಸಿಗೆ ಜಾಮೀನು ಸಿಗುತ್ತದೆ. ಇದನ್ನು ಮೊದಲೇ ತಿಳಿದುಕೊಂಡಿರಿ, ಇಲ್ಲದಿದ್ದರೆ ಎದೆ ಒಡೆದುಹೋಗುತ್ತದೆ. ನನಗಂತೂ ಜಾಸ್ತಿ ಹೆದರಿಕೆ ಆಗಿದ್ದು ಅವನು ಜಾಮೀನಿನಲ್ಲಿ ಹೊರಬಂದಾಗಲೇ. 15100ಕ್ಕೆ ಕರೆ ಮಾಡಿ ಕಾನೂನು ಸೇವಾ ಪ್ರಾಧಿಕಾರದ ವಕೀಲರನ್ನು ಪಡೆದೆ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಇದು ಉಚಿತ. ಅಣ್ಣನಿಗೆ, ಆಫೀಸಿನ ಸೆಕ್ಯುರಿಟಿಗೆ, ಹಾಲಿನ ಬೂತಿನವರಿಗೆ ಅವನ ಫೋಟೋ ತೋರಿಸಿದೆ. ನಾಚಿಕೆ ಆಯಿತು, ಆದರೂ ತೋರಿಸಿದೆ.

ಮೂರು ವಾರಕ್ಕೆ ಮತ್ತೆ ಬಂದ. ನಾನು ಮೊಬೈಲ್ ತೆಗೆಯುವಷ್ಟರಲ್ಲಿ ಬೂತಿನ ಅಣ್ಣ 112ಕ್ಕೆ ಫೋನ್ ಮಾಡಿ ಆಗಿತ್ತು. 'ಅಕ್ಕಾ, ಒಳಗ್ ಬನ್ನಿ' ಅಂತ ಕೂರಿಸಿಕೊಂಡರು. ರಾತ್ರಿ ಪುಸ್ತಕದಲ್ಲಿ ಬರೆದೆ: ಸಂಜೆ 6.40, ಹಾಲಿನ ಬೂತ್ ಎದುರು, ನೋಡಿದವರು ನಾಲ್ಕು ಜನ.