ತೊಗರಿ ಕಾಳಿನಷ್ಟು ಮಕ್ಕಳು: ಮಾಳಿಗೆ ಮೇಲೆ ಒಂದು ಹಳೇ ಸಿನಿಮಾ ತೋರಿಸೋದು ಹೇಗೆ

ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ಒಂದೇ ಒಂದು ಇಂಗ್ಲಿಷ್ ಸಿನಿಮಾ ತೋರಿಸಬೇಕು ಅಂದ್ರೆ ನಾನು ಹೇಳೋದು ‘ಹನಿ, ಐ ಶ್ರಂಕ್ ದ ಕಿಡ್ಸ್’. 1989ರದ್ದು, ಡಿಸ್ನಿಯವರದ್ದು. ಒಂದೂವರೆ ಗಂಟೆಗೆ ಮುಗಿಯುತ್ತೆ. ಕಲಬುರಗಿಯಲ್ಲಿ ನಮ್ಮ ಮನೆ ಮಾಳಿಗೆ ಮೇಲೆ ಎರಡು ಬೇಸಿಗೆ ಇದನ್ನ ಓಣಿ ಮಕ್ಕಳಿಗೆ ತೋರಿಸಿದ್ದೀನಿ. ಹೆಚ್ಚಿನವರು ಕನ್ನಡ ಮೀಡಿಯಂ ಮಕ್ಕಳು. ಮೊದಲ ವರ್ಷ ಸುಮ್ನೆ ಹಾಕಿಬಿಟ್ಟೆ, ಇಪ್ಪತ್ತು ನಿಮಿಷದಲ್ಲಿ ಅರ್ಧ ಮಕ್ಕಳು ಎದ್ದು ಕೆಳಗೆ ಹೋದರು. ಎರಡನೇ ವರ್ಷ ಒಬ್ಬರೂ ಏಳಲಿಲ್ಲ. ನಡುವೆ ಏನು ಬದಲಾಯಿತು ಅನ್ನೋದನ್ನೇ ಇಲ್ಲಿ ಬರೀತಿದ್ದೀನಿ.

ಮೊದಲು ಕಥೆ ಹೇಳಿ. ಪೂರ್ತಿ ಅಲ್ಲ, ಅರ್ಧ. ವೇಯ್ನ್ ಅಂತ ಒಬ್ಬ ಅಪ್ಪ ಇದಾನೆ, ಅವನಿಗೆ ಯಂತ್ರಗಳದ್ದೇ ಹುಚ್ಚು (ನಟ ರಿಕ್ ಮೊರಾನಿಸ್, ಕನ್ನಡಕದ ಆ ಮುಖ ನೋಡಿದ್ರೇನೇ ಮಕ್ಕಳಿಗೆ ಇಷ್ಟ ಆಗುತ್ತೆ). ವಸ್ತುಗಳನ್ನ ಸಣ್ಣದು ಮಾಡೋ ಯಂತ್ರವನ್ನ ಅಟ್ಟದ ಮೇಲೆ ಕಟ್ಟಿದ್ದಾನೆ. ಸೇಬು ಇಟ್ಟು ಪರೀಕ್ಷೆ ಮಾಡ್ತಾನೆ, ಸೇಬು ಸಣ್ಣದಾಗಲ್ಲ, ಸಿಡಿದು ಚೂರಾಗುತ್ತೆ. ಒಂದು ದಿನ ಪಕ್ಕದ ಮನೆ ಹುಡುಗ ಹೊಡೆದ ಚೆಂಡು ಕಿಟಕಿ ಒಡೆದು ಒಳಗೆ ಬೀಳುತ್ತೆ, ಯಂತ್ರ ತಾನಾಗೇ ಶುರುವಾಗುತ್ತೆ, ಎರಡೂ ಮನೆಯ ಇಬ್ಬಿಬ್ಬರು ಮಕ್ಕಳು, ಒಟ್ಟು ನಾಲ್ಕು ಜನ, ಕಾಲಿಂಚಿನಷ್ಟು ಆಗಿಬಿಡ್ತಾರೆ. ಅಪ್ಪನಿಗೆ ಗೊತ್ತಿಲ್ಲ. ಕಸ ಗುಡಿಸಿ ಅವರನ್ನೂ ಚೀಲಕ್ಕೆ ತುಂಬಿ ಹೊರಗಿಟ್ಟು ಬರ್ತಾನೆ. ಈಗ ಅವರು ಹಿತ್ತಲಿನ ಹುಲ್ಲು ದಾಟಿ ಮನೆ ಸೇರಬೇಕು. ಇಲ್ಲಿಗೆ ನಿಲ್ಲಿಸಿ. ಮುಂದೇನು ಅಂತ ಎಷ್ಟು ಕೇಳಿದ್ರೂ ಹೇಳಬೇಡಿ.

ಹೆಸರನ್ನೂ ಬಿಡಿಸಿ ಹೇಳಿ. ನಮ್ಮ ಮಕ್ಕಳು ‘ಹನಿ’ ಅಂದ ಕೂಡಲೇ ನೀರಿನ ಹನಿ ಅಂದುಕೊಂಡರು. ಅದು ಹೆಂಡತಿಯನ್ನ ಪ್ರೀತಿಯಿಂದ ಕರೆಯೋ ಮಾತು. ನಮ್ಮ ಕಡೆ ಮಾತಲ್ಲಿ ಹೇಳೋದಾದ್ರೆ, ‘ಇಲ್ಲಿ ಕೇಳು, ಮಕ್ಕಳನ್ನ ಸಣ್ಣ ಮಾಡಿಬಿಟ್ಟೀನಿ’ ಅಂತ. ಆದರೆ ನೀರಿನ ಹನಿಯೂ ಸಿನಿಮಾದಲ್ಲಿ ಬರುತ್ತೆ. ಹುಲ್ಲಿಗೆ ನೀರು ಬಿಟ್ಟಾಗ ಒಂದೊಂದು ಹನಿ ಮಕ್ಕಳ ಪಕ್ಕದಲ್ಲಿ ಗುಂಡಿನ ಹಾಗೆ ಬೀಳುತ್ತೆ. ಆ ದೃಶ್ಯ ಬಂದಾಗ ಒಬ್ಬಳು ಹುಡುಗಿ ‘ಹನಿ ಬಂತು, ಹನಿ ಬಂತು’ ಅಂತ ಎದ್ದು ನಿಂತಳು.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಕಾಲಿಂಚು ಅಂದ್ರೆ ಮಕ್ಕಳಿಗೆ ಏನೂ ಅನ್ನಿಸಲ್ಲ. ಒಂದು ಹಿಡಿ ಇಡೀ ತೊಗರಿ ತಗೊಳ್ಳಿ, ಬೇಳೆ ಅಲ್ಲ, ಕಾಳು. ಪ್ರತಿ ಮಗುವಿನ ಅಂಗೈ ಮೇಲೆ ಒಂದೊಂದು ಇಡಿ. ಸ್ಕೇಲ್ ಹಿಡಿದು ಅಳೆಯೋಕೆ ಹೇಳಿ. ಹೆಚ್ಚುಕಮ್ಮಿ 6 ಮಿಲಿಮೀಟರ್ ಇರುತ್ತೆ, ಕಾಲಿಂಚು ಅಂದ್ರೂ ಅಷ್ಟೇ. ‘ಆ ಮಕ್ಕಳು ಇಷ್ಟೇ ಎತ್ತರ’ ಅಂತ ಹೇಳಿ ಸುಮ್ಮನಾಗಿ. ಮನೆ ಮನೆಯಲ್ಲೂ ತೊಗರಿ ಇರೋ ಊರು ನಮ್ದು, ನೋಡಿ ನೋಡಿ ಅದನ್ನ ನೋಡೋದೇ ಬಿಟ್ಟಿರ್ತೀವಿ. ಅವತ್ತು ಒಬ್ಬ ಹುಡುಗ ಕಾಳನ್ನ ಕಣ್ಣಿನ ಹತ್ತಿರ ಹಿಡಿದು, ಅದರ ಮೂಲೆಯ ಬಿಳಿ ಗೀರಿಗೆ ಉಗುರು ತಾಗಿಸಿ, ‘ಇದು ಬಾಯಿ’ ಅಂದ. ಸಿನಿಮಾ ಮುಗಿಯೋವರೆಗೂ ಆ ಕಾಳು ಅವನ ಮುಷ್ಟಿಯಲ್ಲೇ ಇತ್ತು.

ಸ್ವಲ್ಪ ದೊಡ್ಡ ಮಕ್ಕಳಿದ್ರೆ ಲೆಕ್ಕವನ್ನೂ ಮಾಡಿಸಿ. ನಾಲ್ಕೂವರೆ ಅಡಿ ಹುಡುಗ ಅಂದ್ರೆ 54 ಇಂಚು. ಕಾಲಿಂಚಿಗೆ ಇಳಿದ್ರೆ 216 ಪಟ್ಟು ಸಣ್ಣವನಾದ ಹಾಗೆ. ನಿಮ್ಮ ಅಂಗಳ 30 ಅಡಿ ಉದ್ದ ಇದ್ರೆ ಅವನಿಗೆ ಅದು 6480 ಅಡಿ, ಹತ್ತಿರ ಹತ್ತಿರ 2 ಕಿಲೋಮೀಟರ್. ಅಂಗಳ ದಾಟೋಕೆ ಸಿನಿಮಾದಲ್ಲಿ ಒಂದು ರಾತ್ರಿ ಯಾಕೆ ಹಿಡಿಯುತ್ತೆ ಅಂತ ಆಗ ತಾನಾಗೇ ಹೊಳೆಯುತ್ತೆ.

ಮಾಳಿಗೆ ವ್ಯವಸ್ಥೆ ಹೇಳ್ತೀನಿ. ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 42 ದಾಟುತ್ತೆ, ಸಂಜೆಯಾದ್ರೂ ಮಾಳಿಗೆ ಕಾದಿರುತ್ತೆ. ಆರು ಗಂಟೆಗೇ ಐದಾರು ಬಕೆಟ್ ನೀರು ಸುರಿದು ಬಿಡಿ, ಒಣಗಿದ ಮೇಲೆ ಜಮಖಾನೆ ಹಾಸಿ. ಏಳೂವರೆಗೆ ಮುಂಚೆ ಶುರು ಮಾಡಬೇಡಿ. ಸಣ್ಣ ಪ್ರೊಜೆಕ್ಟರ್‌ಗೆ ಪೂರ್ತಿ ಕತ್ತಲೆ ಬೇಕು, ಇಲ್ಲಾಂದ್ರೆ ಬರೀ ಮಂಜು ಮಂಜು. ಪರದೆಗೆ ಬಿಳಿ ಹೊದಿಕೆಯನ್ನ ಎರಡು ಮಡಿಕೆ ಮಾಡಿ ಕಟ್ಟಿ, ಚಿತ್ರದ ಅಗಲ ಆರು ಅಡಿ ಮೀರಬಾರದು, ಜಾಸ್ತಿ ಹಿಗ್ಗಿಸಿದ್ರೆ ಮಬ್ಬಾಗುತ್ತೆ. ರಾತ್ರಿ ಗಾಳಿ ಬಿಟ್ಟರೆ ಹೊದಿಕೆ ಹಾಯಿಯ ಹಾಗೆ ಉಬ್ಬುತ್ತೆ, ಅದಕ್ಕೆ ಕೆಳಗಿನ ಅಂಚಿಗೆ ಒಂದು ಬಿದಿರು ಕೋಲು ಸುತ್ತಿ ಎರಡೂ ತುದಿಗೆ ಇಟ್ಟಿಗೆ ಕಟ್ಟಿ. ಸ್ಪೀಕರ್‌ಗೆ ವೈರ್ ಹಾಕೋದೇ ಒಳ್ಳೇದು, ಬ್ಲೂಟೂತ್‌ನಲ್ಲಿ ಕೆಲವು ಸಲ ತುಟಿ ಮೊದಲು ಆಡಿ ಮಾತು ಆಮೇಲೆ ಬರುತ್ತೆ.

ಸಿನಿಮಾವನ್ನ ಹಣ ಕೊಟ್ಟು ಸರಿಯಾದ ಕಡೆಯಿಂದಲೇ ತಗೊಳ್ಳಿ. ಹಿಂದಿನ ದಿನವೇ ಪ್ರೊಜೆಕ್ಟರ್‌ಗೆ ಜೋಡಿಸಿ ಐದು ನಿಮಿಷ ಓಡಿಸಿ ನೋಡಿ. ಕೆಲವು ಆ್ಯಪ್‌ಗಳು ಫೋನಿನಲ್ಲಿ ಚೆನ್ನಾಗಿ ಓಡುತ್ತವೆ, ಪ್ರೊಜೆಕ್ಟರ್‌ಗೆ ಹಾಕಿದ ಕೂಡಲೇ ಬರೀ ಕಪ್ಪು ಪರದೆ. ಕರೆಂಟ್ ಹೋಗಬಹುದು ಅಂತ ಮೊದಲೇ ಅಂದುಕೊಂಡಿರಿ. ಆಗ ತಿಂಡಿ ಕೊಡಿ. ಸುಸಲಾ, ಮಿರ್ಚಿ ಭಜಿ ಇದ್ರೆ ಅರ್ಧ ಗಂಟೆ ಯಾರೂ ಗಲಾಟೆ ಮಾಡಲ್ಲ.

ಸಿನಿಮಾ ಓಡ್ತಿರೋವಾಗ ಪ್ರತಿ ಮಾತನ್ನೂ ಕನ್ನಡ ಮಾಡ್ತಾ ಕೂರಬೇಡಿ. ಮೊದಲ ವರ್ಷ ನಾನು ಮಾಡಿದ ತಪ್ಪು ಅದೇ. ಮಕ್ಕಳು ಪರದೆ ಬಿಟ್ಟು ನನ್ನ ಮುಖ ನೋಡೋಕೆ ಶುರು ಮಾಡಿದ್ರು. ಕಥೆ ಗೊತ್ತಿದ್ರೆ ಕಣ್ಣೇ ಸಾಕು. ಅಪ್ಪ ಗುಡಿಸೋ ಜಾಗದಲ್ಲಿ ಹಿಂದಿನ ಸಾಲಿನಿಂದ ಒಬ್ಬ ಕೂಗಿದ, ‘ಕಾಕಾ, ತನ್ನ ಮಕ್ಕಳನ್ನೇ ಕಸಾ ಹೊಡಿಲತ್ತಾನಲ್ರಿ!’ ಅವನಿಗೆ ಯಾರೂ ಅನುವಾದ ಮಾಡಿರಲಿಲ್ಲ.

ಎರಡು ಕಡೆ ಮಾತ್ರ ನಿಲ್ಲಿಸಿ. ಸೇಬು ಸಿಡಿದ ಮೇಲೆ ಒಮ್ಮೆ. ಯಾಕೆ ಸಿಡೀತು ಅಂತ ಕೇಳಿ, ಉತ್ತರ ಹೇಳಬೇಡಿ. ಕೊನೆಗೆ ಸಿನಿಮಾನೇ ಹೇಳುತ್ತೆ: ಲೇಸರ್ ಶಾಖ ಜಾಸ್ತಿಯಾಗ್ತಿತ್ತು, ಚೆಂಡು ಅಡ್ಡ ಬಂದಿದ್ದಕ್ಕೇ ಯಂತ್ರ ಸರಿಯಾಗಿ ನಡೀತು. ನಮ್ಮಲ್ಲಿ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ‘ಒಲಿ ಉರಿ ಜಾಸ್ತಿ ಆದ್ರ ರೊಟ್ಟಿ ಸೀದಂಗ’ ಅಂತ ಮೊದಲೇ ಹೇಳಿಬಿಟ್ಟಿದ್ದಳು. ಅವಳು ಹೇಳಿದ್ದು ನಿಜ ಅಂತ ಗೊತ್ತಾದಾಗ ಎಲ್ಲರೂ ಹಿಂದೆ ತಿರುಗಿ ಅವಳನ್ನೇ ನೋಡಿದ್ರು.

ಇನ್ನೊಂದು ಸಲ ಚೇಳು ಬರೋಕೆ ಮುಂಚೆ. ಮಕ್ಕಳು ಬಿಸ್ಕತ್ತಿನ ಆಸೆ ತೋರಿಸಿ ಒಂದು ಇರುವೆಯನ್ನ ಪಳಗಿಸಿ ಅದರ ಮೇಲೆ ಸವಾರಿ ಮಾಡ್ತಾರೆ. ರಾತ್ರಿ ಚೇಳು ಬಂದಾಗ ಆ ಇರುವೆ ಅವರನ್ನ ಕಾಪಾಡೋಕೆ ಹೋಗಿ ಸಾಯುತ್ತೆ. ಆರು ವರ್ಷಕ್ಕಿಂತ ಚಿಕ್ಕವರನ್ನ ಆ ಹೊತ್ತಿಗೆ ಅವ್ವನ ಪಕ್ಕ ಕೂರಿಸಿ. ಯಾದಗಿರಿ ಜಿಲ್ಲೆಯ ಕಂದಕೂರಿನಲ್ಲಿ ನಾಗರ ಪಂಚಮಿ ದಿನ ಮಕ್ಕಳೂ ಚೇಳನ್ನ ಕೈ ಮೇಲೆ ಬಿಟ್ಟುಕೊಳ್ತಾರೆ, ಆ ಕಡೆಯ ಮಕ್ಕಳಿದ್ರೆ ಚೇಳಿಗೆ ಹೆದರಲಿಕ್ಕಿಲ್ಲ. ಇರುವೆ ಸತ್ತಾಗ ಮಾತ್ರ ಯಾರಾದ್ರೂ ಅತ್ತೇ ಅಳ್ತಾರೆ. ಅಳಲಿ ಬಿಡಿ. ಆ ಇರುವೆ ಬರೀ ಗೊಂಬೆ ಮತ್ತು ಒಂದೊಂದೇ ಚೌಕಟ್ಟು ತೆಗೆದು ಜೋಡಿಸಿದ ಚಿತ್ರ, ಹುಲ್ಲೂ ಅಷ್ಟೇ, ಮೆಕ್ಸಿಕೋ ಸಿಟಿಯ ಸ್ಟುಡಿಯೋದಲ್ಲಿ ಹಾಕಿದ ದೊಡ್ಡ ಸೆಟ್. ಇದನ್ನೆಲ್ಲ ಮರುದಿನ ಹೇಳಿ, ಅವತ್ತೇ ಬೇಡ.

ದೊಡ್ಡ ಹುಡುಗ ಹುಡುಗಿಯ ನಡುವೆ ಮುತ್ತು ಕೊಡೋದೂ ಇದೆ. ಪಾಲಕರಿಗೆ ಮೊದಲೇ ತಿಳಿಸಿ, ಆಮೇಲೆ ಮಾತು ಬರಲ್ಲ.

ಮರುದಿನ ಬೆಳಿಗ್ಗೆ ಏಳಕ್ಕೆ, ಬಿಸಿಲೇರೋಕೆ ಮುಂಚೆ, ಮಕ್ಕಳನ್ನ ಅಂಗಳಕ್ಕೆ ಕರೀರಿ. ಭೂತಗನ್ನಡಿ ಇದ್ರೆ ತರಲಿ, ಆದರೆ ಅದರಲ್ಲಿ ಸೂರ್ಯನನ್ನ ನೋಡೋದಾಗಲಿ ಇರುವೆ ಸುಡೋದಾಗಲಿ ಮಾಡಬಾರದು ಅಂತ ಗಟ್ಟಿಯಾಗಿ ಹೇಳಿ. ಶಹಾಬಾದ್ ಫರಸಿಯ ಸಂದಿನ ಹತ್ತಿರ ಚೂರು ಬೆಲ್ಲ, ಒಂದು ತುಣುಕು ಒಣ ಜೋಳದ ರೊಟ್ಟಿ ಇಡಿ, ಪಕ್ಕದಲ್ಲಿ ರಾತ್ರಿಯ ತೊಗರಿ ಕಾಳನ್ನೂ ಇಡಿ. ಫೋನನ್ನ ತಲೆಕೆಳಗೆ ಹಿಡಿದು ಕ್ಯಾಮೆರಾ ಫರಸಿಗೆ ತಾಗೋ ಹಾಗೆ ಇಟ್ಟು ವಿಡಿಯೋ ಹಾಕಿ. ಹಾಗೆ ಹಿಡಿದ್ರೆ ಫರಸಿ ಬಯಲಿನ ಹಾಗೆ ಕಾಣುತ್ತೆ, ಸಂದು ಕಣಿವೆಯ ಹಾಗೆ. ಹತ್ತು ನಿಮಿಷ ಯಾರೂ ಅಲುಗಾಡಬಾರದು. ಮೊದಲು ಒಂದು ಇರುವೆ ಬರುತ್ತೆ, ಬೆಲ್ಲ ಮುಟ್ಟಿ ವಾಪಸ್ ಹೋಗುತ್ತೆ, ಆಮೇಲೆ ಸಾಲು. ನಮ್ಮ ವಿಡಿಯೋದಲ್ಲಿ ಒಂದು ಇರುವೆ ತೊಗರಿ ಕಾಳನ್ನ ಹತ್ತಿ ಮೇಲೆ ನಿಂತು ಮೀಸೆ ಆಡಿಸಿತು. ರಾತ್ರಿಯೆಲ್ಲ ಕಾಳು ಮುಷ್ಟಿಯಲ್ಲಿ ಹಿಡಿದಿದ್ದ ಹುಡುಗ ಹೊಟ್ಟೆ ಮೇಲೆ ಮಲಗಿ, ಗಲ್ಲವನ್ನ ಫರಸಿಗೆ ಊರಿ, ತಿಂಡಿಗೆ ಕರೆದರೂ ಏಳಲಿಲ್ಲ.