ಸ್ವದೇಶದ ಚರಿತ್ರೆಯ ಪಠ್ಯವನ್ನು ಪರೀಕ್ಷಿಸಿ ಓದುವ ಬಗೆ

ಶಾಲೆಯ ಚರಿತ್ರೆ ಪುಸ್ತಕಗಳಲ್ಲಿ ಹಸಿ ಸುಳ್ಳು ಸಿಗುವುದು ಅಪರೂಪ. ಇಸವಿ, ಹೆಸರು, ಒಪ್ಪಂದದ ಷರತ್ತುಗಳೆಲ್ಲ ಸರಿಯಾಗಿಯೇ ಇದ್ದು, ಅವುಗಳನ್ನು ಜೋಡಿಸಿದ ರೀತಿಯಲ್ಲಿ ಮಾತ್ರ ವಕ್ರತೆ ಇರುವುದೇ ಹೆಚ್ಚು. ಆದ್ದರಿಂದ ಇಡೀ ಪುಸ್ತಕದ ತಪ್ಪು ಹುಡುಕಲು ಹೊರಡದೆ, ನಿಮಗೆ ಈಗಾಗಲೇ ಸ್ವಲ್ಪ ಗೊತ್ತಿರುವ ಒಂದು ಘಟನೆಯನ್ನು ಆರಿಸಿಕೊಂಡು, ಅದಕ್ಕೆ ಮೀಸಲಾದ ಎರಡು ಮೂರು ಪುಟಗಳನ್ನು ಪೆನ್ಸಿಲ್ ಹಿಡಿದು ಓದಿ.

ಮೊದಲು ಪ್ರತಿ ವಾಕ್ಯದ ಕರ್ತೃವಿನ ಕೆಳಗೆ ಗೆರೆ ಎಳೆಯಿರಿ. 2015ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ವಿದ್ಯಾರ್ಥಿಯೊಬ್ಬ ತನ್ನ ಭೂಗೋಳ ಪಠ್ಯದ ಒಂದು ಪುಟದ ಚಿತ್ರವನ್ನು ತಾಯಿಗೆ ಕಳುಹಿಸಿದ. ಅಟ್ಲಾಂಟಿಕ್ ಗುಲಾಮ ವ್ಯಾಪಾರವು ಆಫ್ರಿಕಾದಿಂದ ಲಕ್ಷಾಂತರ ‘ಕೆಲಸಗಾರ’ರನ್ನು ಅಮೆರಿಕದ ದಕ್ಷಿಣದ ತೋಟಗಳಿಗೆ ಕರೆತಂದಿತು ಎಂದು ಅಲ್ಲಿ ಬರೆದಿತ್ತು. ಸುದ್ದಿ ಹರಡಿದ ಮೇಲೆ ಪ್ರಕಾಶಕರು ತಿದ್ದುವುದಾಗಿ ಒಪ್ಪಿಕೊಂಡರು. ಆ ಒಂದು ಪದದ ಬಗ್ಗೆ ಎಲ್ಲರೂ ಮಾತಾಡಿದರು, ಸರಿಯೇ. ಆದರೆ ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಆ ವಾಕ್ಯದ ರಚನೆ: ಕರೆತಂದದ್ದು ‘ವ್ಯಾಪಾರ’ ಎಂದಾಗ, ಹಿಡಿದವನು, ಮಾರಿದವನು, ಕೊಂಡವನು ಎಲ್ಲರೂ ಒಟ್ಟಿಗೆ ಕಣ್ಮರೆಯಾಗುತ್ತಾರೆ. ನಿಮ್ಮ ಪುಸ್ತಕದಲ್ಲಿ ‘ಹಳ್ಳಿಗಳು ನಾಶವಾದವು’, ‘ಪ್ರಾಣಹಾನಿ ಸಂಭವಿಸಿತು’ ಎಂಬಂಥ ವಾಕ್ಯಗಳನ್ನು ಎಣಿಸಿ, ಅವು ಯಾರ ಕೃತ್ಯವನ್ನು ಹೇಳುವಾಗ ಹೆಚ್ಚಾಗುತ್ತವೆ ಎಂದು ಗುರುತಿಸಿಕೊಳ್ಳಿ. ಶತ್ರುಗಳು ಸುಟ್ಟರೆ ‘ಸುಟ್ಟರು’, ನಮ್ಮವರು ಸುಟ್ಟರೆ ‘ಸುಟ್ಟುಹೋಯಿತು’ ಎಂಬ ನಿಯಮವನ್ನು ಬಹುತೇಕ ದೇಶಗಳು ಯಾರೂ ಹೇಳಿಕೊಡದೆಯೇ ಪಾಲಿಸುತ್ತವೆ.

ಅನಂತರ ಕಥನ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ನೋಡಿ. 1857ರ ಘಟನೆಗಳನ್ನು ಕೊಬ್ಬು ಸವರಿದ ತೋಟಾಗಳಿಂದ ಆರಂಭಿಸಿದರೆ ಅದು ಸಿಪಾಯಿಗಳ ಅವಿಧೇಯತೆಯಾಗಿ ಕಾಣುತ್ತದೆ; 1856ರಲ್ಲಿ ಕಂಪನಿ ಅವಧ್ ರಾಜ್ಯವನ್ನು ಕಬಳಿಸಿದ್ದರಿಂದ ಆರಂಭಿಸಿದರೆ, ಅದೇ ಸಿಪಾಯಿಗಳು ನೆಲ ಕಳೆದುಕೊಂಡ ನಾಡಿನ ಮಕ್ಕಳಾಗಿ ಕಾಣುತ್ತಾರೆ. ಎರಡೂ ಕಥನಗಳಲ್ಲಿ ಒಂದೇ ಒಂದು ಇಸವಿಯೂ ತಪ್ಪಿರಬೇಕಾಗಿಲ್ಲ. ಹಿರೋಷಿಮಾದ ಪಾಠ 1945ರ ಆಗಸ್ಟ್‌ನಿಂದ ಶುರುವಾಗುತ್ತದೆಯೋ 1931ರಲ್ಲಿ ಜಪಾನ್ ಚೀನಾದ ಮಂಚೂರಿಯಾದ ಮೇಲೆ ನಡೆಸಿದ ಆಕ್ರಮಣದಿಂದಲೋ ಎಂಬ ಪ್ರಶ್ನೆಯೂ ಇದೇ ಜಾತಿಯದು.

ಹಳೆಯ ಮುದ್ರಣ ಕೈಗೆ ಸಿಕ್ಕರೆ ಹೊಸದರ ಪಕ್ಕದಲ್ಲಿಟ್ಟು ಓದಿ. ಸೋವಿಯತ್ ಒಕ್ಕೂಟದಲ್ಲಿ ಗುಪ್ತ ಪೊಲೀಸರ ಮುಖ್ಯಸ್ಥನಾಗಿದ್ದ ಬೆರಿಯಾನ ಪತನದ ನಂತರ, ಮಹಾ ವಿಶ್ವಕೋಶದ ಚಂದಾದಾರರಿಗೆ ಅವನ ಕುರಿತ ಪುಟಗಳನ್ನು ಕತ್ತರಿಸಿ ತೆಗೆಯಲು ಸೂಚಿಸಿ, ಆ ಜಾಗಕ್ಕೆ ಅಂಟಿಸಲು ಬೇರಿಂಗ್ ಸಮುದ್ರದ ಬಗೆಗಿನ ಹಿಗ್ಗಿಸಿದ ಲೇಖನವನ್ನು ಕಳುಹಿಸಲಾಗಿತ್ತು. ಇಷ್ಟು ನಿರ್ಲಜ್ಜವಾದ ಉದಾಹರಣೆ ಎಲ್ಲೆಡೆ ಸಿಗದು.

ಪಠ್ಯಕ್ಕೆ ಒಪ್ಪಿಗೆ ಕೊಡುವವರು ಯಾರೆಂಬುದನ್ನೂ ತಿಳಿದುಕೊಳ್ಳಿ. ಜಪಾನಿನಲ್ಲಿ ಶಿಕ್ಷಣ ಸಚಿವಾಲಯದ ಪಠ್ಯ ಪರಿಶೀಲನೆಯ ವಿರುದ್ಧ ಇತಿಹಾಸಕಾರ, ಪಠ್ಯಪುಸ್ತಕ ಲೇಖಕ ಸಬುರೊ ಇಎನಾಗ 1965ರಲ್ಲಿ ಆರಂಭಿಸಿದ ದಾವೆಗಳ ಸರಣಿ 1997ರವರೆಗೆ ನಡೆಯಿತು. ಚೀನಾದಲ್ಲಿ ಜೀವಂತ ಮನುಷ್ಯರ ಮೇಲೆ ಪ್ರಯೋಗ ನಡೆಸಿದ ಜಪಾನ್ ಸೇನೆಯ 731ನೇ ಘಟಕದ ಉಲ್ಲೇಖವನ್ನು ಅವರ ಪುಸ್ತಕದಿಂದ ತೆಗೆಸಿದ್ದು ಕಾನೂನುಬಾಹಿರವೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತಾದರೂ, ಪರಿಶೀಲನೆಯ ಪದ್ಧತಿಯನ್ನು ಉಳಿಸಿತು. ಇಂಥ ದಾವೆಗಳಿಂದ ಓದುಗರಿಗೆ ಆಗುವ ಲಾಭವೆಂದರೆ, ಲೇಖಕ ಬರೆದದ್ದೇನು, ಸರ್ಕಾರ ಅಳಿಸಲು ಹೇಳಿದ್ದೇನು ಎಂಬುದು ಬೇರೆ ಬೇರೆಯಾಗಿ ಕಾಣಸಿಗುವುದು.

ಇಷ್ಟಾದ ಮೇಲೆ ಒಂದು ಎಚ್ಚರಿಕೆ ಬೇಕು: ‘ಪಠ್ಯ ಸುಳ್ಳು ಹೇಳುತ್ತಿದೆ’ ಎಂದು ಕೂಗುವವರನ್ನೂ ಇದೇ ಪರೀಕ್ಷೆಗೆ ಒಳಪಡಿಸಬೇಕು. ಅಮೆರಿಕದ ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ಪರವಾಗಿ ಮಿಲ್ಡ್ರೆಡ್ ರುದರ್‌ಫರ್ಡ್ ಎಂಬಾಕೆ ಪಠ್ಯಪುಸ್ತಕಗಳನ್ನು ಅಳೆಯುವ ಮಾನದಂಡವೊಂದನ್ನು ಪ್ರಕಟಿಸಿದರು. ದಕ್ಷಿಣದವರು ಗುಲಾಮರನ್ನು ಉಳಿಸಿಕೊಳ್ಳಲು ಹೋರಾಡಿದರು ಎನ್ನುವ ಪುಸ್ತಕವನ್ನು ತಿರಸ್ಕರಿಸಿರಿ ಎಂಬುದು ಅದರಲ್ಲಿದ್ದ ಸೂಚನೆಗಳಲ್ಲಿ ಒಂದು. ಎರಡು ಕಥನಗಳು ಹೀಗೆ ಮುಖಾಮುಖಿಯಾದಾಗ ಮಧ್ಯದ ದಾರಿ ಹಿಡಿಯುವುದು ನ್ಯಾಯವೆಂದು ತೋರಬಹುದು, ಆದರೆ ಅದು ಸೋಮಾರಿತನ. ಆ ಕಾಲದವರು ತಾವೇ ಬರೆದಿಟ್ಟ ಕಾಗದವನ್ನು ಹುಡುಕಿ ಓದಿ. ಮಿಸಿಸಿಪ್ಪಿ ರಾಜ್ಯವು 1861ರ ಜನವರಿಯಲ್ಲಿ ಒಕ್ಕೂಟದಿಂದ ಹೊರನಡೆದಾಗ ಕಾರಣಗಳನ್ನು ಘೋಷಣೆಯ ರೂಪದಲ್ಲಿ ಹೊರಡಿಸಿತು. ತಮ್ಮ ನಿಲುವು ಗುಲಾಮಗಿರಿಯ ವ್ಯವಸ್ಥೆಯೊಂದಿಗೆ ಸಂಪೂರ್ಣವಾಗಿ ಬೆಸೆದುಕೊಂಡಿದೆ ಎಂಬ ಮಾತು ಅದರ ಆರಂಭದಲ್ಲೇ ಇದೆ.