ತೋಟದ ಹಳೇ ವಿಲ್ಲೀಸ್ ಜೀಪನ್ನು ಹಾಟ್ ರಾಡ್ ಮಾಡುವವರಿಗೆ

ಹಾಟ್ ರಾಡ್ ಅಂದರೆ ಹಳೇ ಗಾಡಿಯನ್ನು ಬದಲಾಯಿಸಿ ತನಗೆ ಬೇಕಾದ ಹಾಗೆ ಕಟ್ಟಿಕೊಳ್ಳುವುದು. ಆ ಹೆಸರು ಕೇಳಿದ ಕೂಡಲೇ ನಮ್ಮ ಕಡೆ ಹುಡುಗರ ತಲೆಗೆ ಬರುವುದು ಬೆಂಕಿ ಚಿತ್ರ ಬಳಿದು, ಸೈಲೆನ್ಸರ್ ಕಿತ್ತು, ಊರೆಲ್ಲ ಕೇಳುವ ಹಾಗೆ ಓಡುವ ಗಾಡಿ. ನಾನು ಗೋಣಿಕೊಪ್ಪದ ಹತ್ತಿರ ಕಾಫಿ ತೋಟದಲ್ಲಿ ಇರುವವಳು. ತೋಟದ ಲೆಕ್ಕ ಯಜಮಾನರದ್ದು, ಶೆಡ್ಡಿನ ಲೆಕ್ಕ ನನ್ನದು. ಹಳೇ ವಿಲ್ಲೀಸ್ ಬಿಚ್ಚಿ ಕಟ್ಟುವುದು ನನ್ನ ಚಟ. ಹೇಗೆ ಮಾಡುವುದು ಅಂತ ಕೇಳಿಕೊಂಡು ಬರುವವರಿಗೆ ನಾನು ಮೊದಲು ಕೇಳುವುದು ಒಂದೇ: ನಿಮ್ಮ ಜೀಪು ಇಳಿಜಾರಿನಲ್ಲಿ ನಿಲ್ಲುತ್ತದಾ? ನಿಲ್ಲದಿದ್ದರೆ ಮಿಕ್ಕ ಮಾತು ಆಮೇಲೆ.

1930ರ ದಶಕದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಹಾಟ್ ರಾಡ್ ಶುರು ಮಾಡಿದ್ದು ಗಾಡಿಗೆ ಏನೋ ಸೇರಿಸಿ ಅಲ್ಲ, ತೆಗೆದು. ಅಗ್ಗಕ್ಕೆ ಸಿಕ್ಕ ಫೋರ್ಡ್ ಮಾಡೆಲ್ ಟಿ, ಮಾಡೆಲ್ ಎ ತಂದರು. ಮಡ್‌ಗಾರ್ಡ್, ಬಾನೆಟ್, ಮುಂದಿನ ಗಾಜು ಕಳಚಿ ಭಾರ ಇಳಿಸಿದರು. ಮ್ಯೂರಾಕ್‌ನ ಒಣಗಿದ ಕೆರೆಯಂಗಳದಲ್ಲಿ ಓಡಿಸಿ ವೇಗ ಅಳೆದರು. 1932ರಲ್ಲಿ ಫೋರ್ಡ್ 65 ಅಶ್ವಶಕ್ತಿಯ ವಿ8 ಇಂಜಿನ್ ಕೊಟ್ಟ ಮೇಲೆ ಆ ಹುಚ್ಚಿಗೆ ತಡೆಯೇ ಇರಲಿಲ್ಲ. ವಿಲ್ಲೀಸ್ ಕೂಡ ಈ ಕಥೆಗೆ ಹೊರಗಿನದಲ್ಲ. 1940-41ರ ವಿಲ್ಲೀಸ್ ಕೂಪೆ ಹಗುರ ಅಂತ ಡ್ರ್ಯಾಗ್ ರೇಸಿನವರು, ಅಂದರೆ ನೇರ ದಾರಿಯಲ್ಲಿ ಚಿಕ್ಕ ಓಟ ಓಡಿಸುವವರು, ಹುಡುಕಿ ಹುಡುಕಿ ಕೊಂಡರು. ಅದೇ ಕಂಪನಿಯ ಜೀಪು ನಮ್ಮ ತೋಟಗಳ ಶೆಡ್ಡಿನಲ್ಲಿ ಗೊಬ್ಬರದ ಚೀಲದ ಕೆಳಗೆ ಇನ್ನೂ ಕೂತಿದೆ. ಹಾಗಿರುವಾಗ ಹಾಟ್ ರಾಡಿಗೆ ಅಂತ ಹಳೇ ಷೆವರ್ಲೆ ಹುಡುಕಿಕೊಂಡು ಮುಂಬೈಗೆ ಯಾಕೆ ಹೋಗಬೇಕು ಅಲ್ವಾ?

ಯಾವ ಜೀಪು ಅಂತ ಮೊದಲು ನೋಡಿಕೊಳ್ಳಿ. ಬಾನೆಟ್ ತಗ್ಗಾಗಿದ್ದು, ಮುಂದಿನ ಜಾಲರಿಯಲ್ಲಿ ಒಂಬತ್ತು ಸೀಳು ಇದ್ದರೆ ಅದು ಯುದ್ಧಕಾಲದ ಎಂಬಿ ಇರಬಹುದು. ಏಳು ಸೀಳು ಇದ್ದರೆ ಸಿಜೆ, ಅಂದರೆ ಜನಸಾಮಾನ್ಯರ ಬಳಕೆಗೆ ಮಾಡಿದ ಜೀಪು. ಬಾನೆಟ್ ಎತ್ತರ ಇದ್ದರೆ ಸಿಜೆ-3ಬಿ. ಅಮೆರಿಕದಲ್ಲಿ ಅದು 1953ರಲ್ಲಿ ಬಂತು. ಅದರ ಹರಿಕೇನ್ ಇಂಜಿನ್‌ನಲ್ಲಿ ಪೆಟ್ರೋಲ್-ಗಾಳಿ ಒಳಬಿಡುವ ವಾಲ್ವ್ ಮೇಲಕ್ಕೆ ಹೋಗಿ ಇಂಜಿನ್ ಎತ್ತರವಾಯಿತು, ಹಾಗಾಗಿ ಬಾನೆಟ್ಟೂ ಏರಿತು. ಮಹೀಂದ್ರಾ ಅದನ್ನೇ ಬಹಳ ಕಾಲ ತಯಾರಿಸಿತು. ನಮ್ಮಲ್ಲಿ ಜಾಸ್ತಿ ಸಿಗುವುದೂ ಅದೇ. ಅಸಲಿ ಎಂಬಿ ಸಿಕ್ಕಿದರೆ ದಯವಿಟ್ಟು ಕತ್ತರಿಸಬೇಡಿ, ಇದ್ದ ಹಾಗೆ ಸರಿಮಾಡಿ. ಹಾಟ್ ರಾಡ್ ಆಟಕ್ಕೆ ಬೇಕಾದ್ದು ತುಕ್ಕು ಹಿಡಿದ, ನಾಲ್ಕು ಜೀಪಿನ ಸಾಮಾನು ಸೇರಿ ಆದ ಸಿಜೆ-3ಬಿ.

ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. 2021ರಲ್ಲಿ ವಿಂಟೇಜ್ ಗಾಡಿಗಳ ನಿಯಮ ಬಂತು. 50 ವರ್ಷ ದಾಟಿದ ಗಾಡಿಗೆ 20,000 ರೂಪಾಯಿ ಶುಲ್ಕ ಕಟ್ಟಿ ‘ವಿಎ’ ಇರುವ ನಂಬರ್ ಪಡೆಯಬಹುದು. ಆದರೆ ಚಾಸಿ, ಬಾಡಿ, ಇಂಜಿನ್ ಹೆಚ್ಚು ಬದಲಾಗಿರಬಾರದು. ದಿನಾ ಓಡಿಸುವ ಹಾಗೂ ಇಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲಿಗೆ ಮಾತ್ರ. ಹಾಗಾಗಿ ಶೆಡ್ಡಿನಲ್ಲಿ ನನ್ನದು ಒಂದು ಕಟ್ಟುನಿಟ್ಟು ಇದೆ. ಚಾಸಿಗೆ ಕಟಿಂಗ್ ಇಲ್ಲ, ವೆಲ್ಡಿಂಗ್ ಇಲ್ಲ. ಮಾಡಿದ್ದೆಲ್ಲ ನಟ್ಟು ಬೋಲ್ಟಿನಲ್ಲೇ ಕೂರಬೇಕು. ಬಿಚ್ಚಿದ ಸಾಮಾನಿಗೆ ಚೀಟಿ ಕಟ್ಟಿ ಅಟ್ಟದ ಮೇಲೆ ಇಡಬೇಕು. ಹಾಟ್ ರಾಡ್ ವೇಷ ತೋಟದ ಒಳಗಿನ ದಾರಿಗೆ. ಜೀಪು ಗೇಟು ದಾಟುವ ಮೊದಲು ಹಳೇದೆಲ್ಲ ಮತ್ತೆ ಕೂತಿರಬೇಕು. ಚಾಸಿಯನ್ನೇ ಕೊಯ್ದು ಕಟ್ಟುವ ಆಸೆ ಇದ್ದವರು ಅದು ಎಂದೂ ಗೇಟು ದಾಟುವುದಿಲ್ಲ ಅಂತ ಒಪ್ಪಿಕೊಂಡೇ ಶುರು ಮಾಡಿ.

ಈಗ ಬ್ರೇಕು. ಹಳೇ ವಿಲ್ಲೀಸ್‌ನಲ್ಲಿ ಇರುವುದು 9 ಇಂಚಿನ ಡ್ರಮ್, ನಾಲ್ಕೂ ಚಕ್ರಕ್ಕೆ ಒಂದೇ ಲೈನು. ಎಲ್ಲೋ ಒಂದು ಕಡೆ ಪೈಪು ಒಡೆದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ನಾಲ್ಕೂ ಚಕ್ರದಲ್ಲಿ ಏನೂ ಇರುವುದಿಲ್ಲ. ಮಾಸ್ಟರ್ ಸಿಲಿಂಡರ್ ಕಾಲಿನ ಕೆಳಗೆ, ಕೆಸರು ಹಾರುವ ಜಾಗದಲ್ಲೇ ಇದೆ. ಮೊದಲು ನಾಲ್ಕೂ ಡ್ರಮ್ ಬಿಚ್ಚಿ. ವೀಲ್ ಸಿಲಿಂಡರಿನ ಒಳಗೆ ಬೆರಳಾಡಿಸಿ. ಗುಳಿ ಸಿಕ್ಕಿದರೆ ಬರೀ ವಾಷರ್ ಬದಲಾಯಿಸಿ ಪ್ರಯೋಜನ ಇಲ್ಲ. ಮೈಸೂರಿನ ಲೇತಿನಲ್ಲಿ ಸ್ಲೀವ್ ಹಾಕಿಸಿ, ಇಲ್ಲ ಹೊಸದೇ ತನ್ನಿ. ಡ್ರಮ್ ಒಳಮೈ ಲೇತಿನಲ್ಲಿ ಹೆರೆಸಿದ ಮೇಲೆ ಹೊಸ ಶೂಗೆ ಸೀಮೆಸುಣ್ಣ ಬಳಿದು, ಹಾಕಿ, ಕೈಯಲ್ಲಿ ತಿರುಗಿಸಿ ತೆಗೆಯಿರಿ. ಸುಣ್ಣ ಮಧ್ಯೆ ಮಾತ್ರ ಅಳಿಸಿದ್ದರೆ ಶೂ ಪೂರ್ತಿ ತಾಗುತ್ತಿಲ್ಲ ಅಂತ ಅರ್ಥ. ಉಜ್ಜಿ ಸರಿ ಮಾಡಿ. ಈ ಕೆಲಸಕ್ಕೆ ಒಂದು ಇಡೀ ದಿನ ಹೋಗುತ್ತದೆ, ಮೆಕ್ಯಾನಿಕ್ ಗೊಣಗುತ್ತಾನೆ, ಗೊಣಗಲಿ.

ಲೈನಿನ ಪೈಪು ಹಳೇದಿದ್ದರೆ ಒಂದನ್ನೂ ಉಳಿಸಬೇಡಿ. ಬ್ರೇಕ್ ಆಯಿಲ್ ಗಾಳಿಯ ನೀರು ಹೀರುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ, ನಮ್ಮ ಶೆಡ್ಡಿನಲ್ಲಿ ಜುಲೈ ತಿಂಗಳು ಚಪ್ಪಲಿಗೂ ಬೂಷ್ಟು. ಅದಕ್ಕೇ ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಆಯಿಲ್ ಪೂರ್ತಿ ಬದಲಾಯಿಸಿ. ಅಮೆರಿಕದ ಜೀಪ್ ಕಟ್ಟುವವರು 9 ಇಂಚಿನ ಡ್ರಮ್ ತೆಗೆದು 11 ಇಂಚಿನದು ಹಾಕುತ್ತಾರೆ, ಹಿಂದೆ ಮುಂದೆ ಬೇರೆ ಬೇರೆ ಲೈನು ಇರುವ ಡಬಲ್ ಮಾಸ್ಟರ್ ಸಿಲಿಂಡರ್ ಕೂರಿಸುತ್ತಾರೆ. ತೋಟದೊಳಗಿನ ಜೀಪಿಗೆ ದುಡ್ಡು ಖರ್ಚು ಮಾಡುವುದಿದ್ದರೆ ಅಲ್ಲಿ ಮಾಡಿ.

ಹ್ಯಾಂಡ್ ಬ್ರೇಕಿನ ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಅದು ಚಕ್ರ ಹಿಡಿಯುವುದಿಲ್ಲ. ಟ್ರಾನ್ಸ್‌ಫರ್ ಕೇಸಿನ (ಇಂಜಿನ್ ಶಕ್ತಿಯನ್ನು ಹಿಂದೆ ಮುಂದೆ ಹಂಚುವ ಗೇರ್ ಪೆಟ್ಟಿಗೆ) ಹಿಂದೆ ಒಂದು ಚಿಕ್ಕ ಡ್ರಮ್ ಇದೆ, ಅದು ಪ್ರೊಪೆಲ್ಲರ್ ಶಾಫ್ಟ್ ಹಿಡಿಯುತ್ತದೆ. ಹಿಂದಿನ ಒಂದು ಚಕ್ರಕ್ಕೆ ಜಾಕ್ ಕೊಟ್ಟು ಎತ್ತಿದರೆ ಡಿಫರೆನ್ಷಿಯಲ್ ಮೂಲಕ ಆ ಚಕ್ರ ತಿರುಗಿ ಜೀಪು ಜಾರಿಬಿಡುತ್ತದೆ. ತೋಟದ ಇಳಿಜಾರಿನಲ್ಲಿ ಟಯರ್ ಬಿಚ್ಚುವಾಗ ಚಕ್ರಕ್ಕೆ ಕಲ್ಲು ಕೊಡದೆ ಕೆಲಸ ಶುರು ಮಾಡಬೇಡಿ.

ಸ್ಟಿಯರಿಂಗ್‌ನಲ್ಲಿ ನೋಡಬೇಕಾದ್ದು ಮುಂದಿನ ಆ್ಯಕ್ಸಲ್ ಹತ್ತಿರ ಕೂತಿರುವ ಬೆಲ್ ಕ್ರ್ಯಾಂಕ್ ಎಂಬ ತಿರುಗುವ ತೋಳು. ಸ್ಟಿಯರಿಂಗ್ ತಿರುಗಿಸಿದ್ದು ಅದರ ಮೂಲಕವೇ ಎರಡು ಚಕ್ರಕ್ಕೆ ಹೋಗುತ್ತದೆ. ಅದರ ಬೇರಿಂಗ್ ಸವೆದಿದ್ದರೆ ಜೀಪು ಗುಂಡಿ ಹಾರಿದ ಕೂಡಲೇ ಕೈ ಕಿತ್ತುಕೊಳ್ಳುವ ಹಾಗೆ ಮುಂದಿನ ಚಕ್ರ ನಡುಗುತ್ತದೆ. ಹುಡುಗರು ವೀಲ್ ಬ್ಯಾಲೆನ್ಸ್ ಅಂತ ದುಡ್ಡು ಹಾಕಿ ಬರುತ್ತಾರೆ. ಬೆಲ್ ಕ್ರ್ಯಾಂಕ್ ಕೈಯಲ್ಲಿ ಅಲ್ಲಾಡಿಸಿ ನೋಡಿ, ಆಮೇಲೆ ಕಿಂಗ್ ಪಿನ್ ಬೇರಿಂಗ್, ಆಮೇಲೆ ಟೋ-ಇನ್, ಅಂದರೆ ಮುಂದಿನ ಎರಡು ಚಕ್ರದ ಮುಂಭಾಗ ಒಳಕ್ಕೆ ತಿರುಗಿರುವ ಅಳತೆ. ಅದು ಒಂದರಿಂದ ಎರಡೂವರೆ ಮಿಲಿಮೀಟರ್ ಇರಬೇಕು.

ಹಾಟ್ ರಾಡ್ ಚೆಂದ ಬರುವುದು ನಿಲುವಿನಲ್ಲಿ. ಮುಂದೆ ಸ್ವಲ್ಪ ತಗ್ಗು, ಹಿಂದೆ ಸ್ವಲ್ಪ ಎತ್ತರ. ಅಮೆರಿಕದವರು ಮುಂದೆ ಸಣ್ಣ, ಹಿಂದೆ ದೊಡ್ಡ ಟಯರ್ ಹಾಕಿ ಇದನ್ನು ತರುತ್ತಾರೆ. ಅವರ ಗಾಡಿಗೆ ಮುಂದೆ ಎಳೆತ ಇಲ್ಲ, ನಡೆಯುತ್ತದೆ. ಜೀಪಿಗೆ ಅದನ್ನು ಮಾಡಿದರೆ ಫೋರ್ ವೀಲ್ ಹಾಕಿದಾಗ ಹಿಂದೆ ಮುಂದೆ ಚಕ್ರಗಳು ಬೇರೆ ಬೇರೆ ಲೆಕ್ಕದಲ್ಲಿ ಉರುಳಿ ಟ್ರಾನ್ಸ್‌ಫರ್ ಕೇಸ್ ಬಿಗಿದುಕೊಳ್ಳುತ್ತದೆ. ಗಟ್ಟಿ ನೆಲದಲ್ಲಿ ಗೇರು ಹಲ್ಲು ಹೋಗುವುದು ಗ್ಯಾರಂಟಿ. ನಾಲ್ಕೂ ಟಯರ್ ಒಂದೇ ಅಳತೆ ಇರಲಿ. ಮುಂದಿನ ಸ್ಪ್ರಿಂಗ್ ಪ್ಲೇಟುಗಳ ಬಾಗು ಮೈಸೂರಿನಲ್ಲಿ ಲಾರಿ ಪ್ಲೇಟು ಬಡಿಯುವವರ ಹತ್ತಿರ ಒಂದು ಇಂಚು ಇಳಿಸಿ. ಅಷ್ಟೇ ಸಾಕು, ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಹಳೇ ಪ್ಲೇಟಿನ ಸೆಟ್ ಅಟ್ಟಕ್ಕೆ ಹೋಗಲಿ. ಇನ್ನೂ ಇಳಿಸಿದರೆ ಜೂನ್ ತಿಂಗಳ ಚಕ್ರದ ಹಳ್ಳದಲ್ಲಿ ಹೊಟ್ಟೆ ತಾಗಿ ಕೂರುತ್ತೀರಿ, ಎಳೆಯಲು ಪಕ್ಕದ ತೋಟದವರ ಟ್ರ್ಯಾಕ್ಟರ್ ಬೇಕು.

ರಿಮ್ಮಿನ ಬಗ್ಗೆ ಒಂದು ಮಾತು. ವಿಲ್ಲೀಸಿನ ಐದು ಬೋಲ್ಟು ಐದೂವರೆ ಇಂಚಿನ ವೃತ್ತದಲ್ಲಿವೆ. 1930ರ ದಶಕದ ಮೊದಲ ಭಾಗದ ಫೋರ್ಡಿನದೂ ಅದೇ ಅಳತೆ, ನಮ್ಮ ಮಾರುತಿ ಜಿಪ್ಸಿಯದೂ ಅದೇ. ಹಳೇ ಜಿಪ್ಸಿಯ ಸ್ಟೀಲ್ ರಿಮ್ ಸಿಕ್ಕಿದರೆ ಮಧ್ಯದ ತೂತು ಹಬ್ಬಿಗೆ ಹೊಂದುತ್ತದಾ ನೋಡಿ ಕೊಳ್ಳಿ.

ಬಾಡಿಗೆ ಬರೋಣ. ತುಕ್ಕು ಹುಡುಕಲು ಜೀಪಿನ ಮೇಲೆ ನೋಡಬೇಡಿ, ಕೆಳಗೆ ಮಲಗಿ. ನೆಲದ ತಗಡಿನ ಕೆಳಗೆ ಟೋಪಿ ಆಕಾರದ ಪಟ್ಟಿಗಳಿವೆ. ಹಳೇ ಮಾಡೆಲುಗಳಲ್ಲಿ ಅದರ ಒಳಗೆ ಮರದ ತುಂಡು ತುಂಬಿದ್ದಾರೆ. ಆ ಮರ ನೀರು ಕುಡಿದು, ಹಿಡಿದು ಕೂರುತ್ತದೆ. ಕೊಡಗಿನ ಜೀಪಿಗೆ ಕ್ಯಾನ್ಸರ್ ಶುರುವಾಗುವುದೇ ಅಲ್ಲಿ. ಸ್ಕ್ರೂಡ್ರೈವರ್ ಚುಚ್ಚಿ, ಒಳಗೆ ಹೋದರೆ ಪಟ್ಟಿ ಕೊಯ್ದು ಹೊಸದು ಮಾಡಿ. ಮರದ ಬದಲು ಖಾಲಿ ಬಿಟ್ಟು, ನೀರು ಇಳಿಯಲು ತೂತು ಕೊಡಿ. ಪ್ಯಾಚಿಗೆ 18 ಗೇಜಿನ ತಗಡು ಸರಿ. ಮಿಗ್ ವೆಲ್ಡಿಂಗ್ ಇರುವ ಟಿಂಕರ್ ಹುಡುಕಿ. ಒಂದೇ ಗೆರೆ ಎಳೆಯದೆ ಅಲ್ಲೊಂದು ಇಲ್ಲೊಂದು ಚುಕ್ಕಿ ಇಟ್ಟು, ತಣಿಸಿ, ಮತ್ತೆ ಇಡಬೇಕು. ಇಲ್ಲದಿದ್ದರೆ ತಗಡು ಹಪ್ಪಳದ ಹಾಗೆ ಏಳುತ್ತದೆ. ಆಮೇಲೆ ಅದನ್ನು ಮುಚ್ಚಲು ಕೆಜಿಗಟ್ಟಲೆ ಪುಟ್ಟಿ. ಪುಟ್ಟಿ ಜಾಸ್ತಿ ಕೇಳುವ ಟಿಂಕರನ್ನು ನಾನು ಶೆಡ್ಡಿಗೆ ಕರೆಯುವುದಿಲ್ಲ.

ಹಾಟ್ ರಾಡ್ ಕೆಲಸದಲ್ಲಿ ಹೆಸರುವಾಸಿಯಾದದ್ದು ಚಾಪ್, ಅಂದರೆ ಗಾಜಿನ ಪಕ್ಕದ ಕಂಬ ಕತ್ತರಿಸಿ ಗಾಡಿಯ ಛಾವಣಿ ಇಳಿಸುವುದು. ಕಾರಿನಲ್ಲಿ ಅದು ಪರದಾಟದ ಕೆಲಸ. ಗಾಜು ಬಾಗಿದ್ದರೆ ಇನ್ನೂ ಕಷ್ಟ. ಜೀಪಿನ ಗಾಜು ಚಪ್ಪಟೆ, ಫ್ರೇಮು ಹಿಂಜಿನ ಮೇಲೆ ಮಡಚುತ್ತದೆ. ಬೆಂಗಳೂರಿನ ಜೆ.ಸಿ. ರೋಡಿನಲ್ಲೋ ಶಿವಾಜಿನಗರದ ಗುಜರಿಯಲ್ಲೋ ಇನ್ನೊಂದು ಫ್ರೇಮ್ ಹುಡುಕಿ ತನ್ನಿ. ಅದನ್ನು ಮೂರು ಇಂಚು ಇಳಿಸಿ ವೆಲ್ಡ್ ಮಾಡಿ. ಲ್ಯಾಮಿನೇಟೆಡ್ ಗಾಜನ್ನೇ ಅಳತೆಗೆ ಕೊಯ್ಸಿ, ಕಿಟಕಿ ಗಾಜು ಬೇಡವೇ ಬೇಡ. ಮೂಲದ ಫ್ರೇಮ್ ಅಟ್ಟಕ್ಕೆ. ಇಡೀ ಜೀಪಿನ ಮುಖ ಬದಲಾಗುತ್ತದೆ, ಒಂದು ಬೋಲ್ಟೂ ಕೆಡುವುದಿಲ್ಲ. ಮಡ್‌ಗಾರ್ಡ್ ಮಾತ್ರ ಕೀಳಬೇಡಿ. ಮ್ಯೂರಾಕ್‌ನಲ್ಲಿ ಕೆಸರು ಇರಲಿಲ್ಲ, ಅವರು ಕಿತ್ತರು. ನಮ್ಮಲ್ಲಿ ಕಿತ್ತರೆ ಕೆಂಪು ಮಣ್ಣು ನೇರ ಬಾಯಿಗೆ.

ಇಂಜಿನ್‌ಗೆ ಇಷ್ಟು ತಡವಾಗಿ ಬಂದೆ ಅಂತ ಬೇಸರ ಮಾಡಬೇಡಿ, ಅದರ ಸರದಿ ಇದೇ. ಹರಿಕೇನ್‌ಗಿಂತ ಮೊದಲಿನ ಗೋ-ಡೆವಿಲ್ ಇಂಜಿನ್ 2.2 ಲೀಟರ್, 60 ಅಶ್ವಶಕ್ತಿ, ವಾಲ್ವ್ ಪಕ್ಕದಲ್ಲಿ. ಹಳೇ ಸಿಜೆಗಳ ಆ್ಯಕ್ಸಲ್ ಅನುಪಾತ 5.38, ಚಕ್ರ ಒಂದು ಸುತ್ತು ತಿರುಗಲು ಪ್ರೊಪೆಲ್ಲರ್ ಶಾಫ್ಟ್ ಅಷ್ಟು ಸುತ್ತು ತಿರುಗಬೇಕು. ಅಂದರೆ 16 ಇಂಚಿನ ಹಳೇ ಟಯರಿನಲ್ಲಿ 80 ಕಿಲೋಮೀಟರ್ ವೇಗಕ್ಕೆ ಇಂಜಿನ್ ನಿಮಿಷಕ್ಕೆ ಸುಮಾರು 3200 ಸುತ್ತು ತಿರುಗುತ್ತಿರುತ್ತದೆ. 4000ಕ್ಕೆ ಅದರ ಶಕ್ತಿ ಮುಗಿಯಿತು. ಆದ್ದರಿಂದ ವೇಗದ ಕನಸು ಬಿಡಿ, ಎಳೆತ ನೋಡಿ. ಹೆಡ್ಡಿನ ಮೈ ಸ್ವಲ್ಪ ಮಿಲ್ಲಿಂಗ್ ಮಾಡಿಸಿದರೆ ಕಂಪ್ರೆಷನ್ ಏರುತ್ತದೆ. ಮೂಲದಲ್ಲಿ ಅದು ಆರೂವರೆಯಷ್ಟು ಮಾತ್ರ, ಈಗಿನ ಪೆಟ್ರೋಲಿಗೆ ಬಹಳ ಕಮ್ಮಿ. ಆದರೆ ವಾಲ್ವ್ ಎದ್ದಾಗ ಹೆಡ್ಡಿಗೆ ತಾಗದ ಹಾಗೆ ಜೇಡಿಮಣ್ಣು ಇಟ್ಟು ಅಳೆದೇ ಮಾಡಿಸಿ. ನಮ್ಮ ಕಡೆ ಅರ್ಧದಷ್ಟು ಜೀಪುಗಳಿಗೆ ಯಾವತ್ತೋ ಡೀಸೆಲ್ ಇಂಜಿನ್ ಕೂರಿಸಿದ್ದಾರೆ. ಅಮೆರಿಕದಲ್ಲಿ ವೇಗಕ್ಕೆ ಇಂಜಿನ್ ಬದಲಾಯಿಸಿದರು, ಇಲ್ಲಿ ಡೀಸೆಲ್ ಅಗ್ಗ ಅಂತ. ಅಂಥದ್ದು ಕೊಳ್ಳುವುದಿದ್ದರೆ ಆರ್‌ಸಿಯಲ್ಲಿ ಇಂಜಿನ್ ನಂಬರ್ ಮತ್ತು ಇಂಧನ ಸರಿಯಾಗಿದೆಯಾ ನೋಡದೆ ಮುಂಗಡ ಕೊಡಬೇಡಿ.

ಈಗ ಬರುವ ಪೆಟ್ರೋಲಿನಲ್ಲಿ 20 ಶೇಕಡಾ ಎಥೆನಾಲ್ ಇದೆ. ಹಳೇ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಮ್ ಮೆತ್ತಗಾಗುತ್ತವೆ. ಎಥೆನಾಲ್ ತಡೆಯುವ ಪೈಪನ್ನೇ ಹಾಕಿ. ಮಳೆಗಾಲದಲ್ಲಿ ಜೀಪು ನಿಲ್ಲಿಸುವುದಿದ್ದರೆ ಟ್ಯಾಂಕ್, ಕಾರ್ಬ್ಯುರೇಟರ್ ಎರಡೂ ಖಾಲಿ ಮಾಡಿ. ಇಲ್ಲದಿದ್ದರೆ ನೀರು ಸೇರಿ ಒಳಗೇ ತುಕ್ಕು. ವೈರಿಂಗ್ 6 ವೋಲ್ಟಿನಿಂದ 12ಕ್ಕೆ ತನ್ನಿ, ಫ್ಯೂಸ್ ಬಾಕ್ಸ್ ಹಾಕಿ, ಮುಗಿಯಿತು. ಅದರಲ್ಲಿ ಹೇಳುವಂಥದ್ದು ಏನಿಲ್ಲ.

ಸೈಲೆನ್ಸರ್ ಕೀಳುವ ಆಸೆ ಬಿಡಿ. ಸಿದ್ದಾಪುರ, ತಿತಿಮತಿ ಕಡೆಯ ತೋಟಗಳಲ್ಲಿ ಸಂಜೆ ಆದರೆ ಆನೆ ಯಾವ ಸಾಲಿನಲ್ಲಿ ನಿಂತಿದೆ ಅಂತ ಗೊತ್ತಾಗುವುದಿಲ್ಲ. ನಿಮಗೆ ಅದರ ಸದ್ದು ಕೇಳಬೇಕು. ನಿಮ್ಮ ಸದ್ದಿಗೆ ಅದು ಬೆದರಬಾರದು.

ಪೇಂಟಿಗೆ ಬಂದರೆ, ಬರೀ ಪ್ರೈಮರಿನಲ್ಲಿ ಬಿಟ್ಟ ಮಂಕು ಬಣ್ಣ ಹಾಟ್ ರಾಡಿನ ಗುರುತು. ನೋಡಲು ಚೆಂದ, ಆದರೆ ಮಾಮೂಲಿ ಪ್ರೈಮರ್ ನೀರು ಹೀರುತ್ತದೆ. ನಮ್ಮ ಒಂದೇ ಮಳೆಗಾಲಕ್ಕೆ ಕೆಳಗಿನಿಂದ ತುಕ್ಕು ಏಳುತ್ತದೆ. ಎಪಾಕ್ಸಿ ಪ್ರೈಮರ್ ಹೊಡೆದು, ಮೇಲೆ ಮ್ಯಾಟ್ ಕಪ್ಪು ಕೊಡಿ. ಅದೇ ನೋಟ ಬರುತ್ತದೆ. ಸಮಯ ಫೆಬ್ರವರಿ ಕೊನೆ, ಮಾರ್ಚ್. ಅದಕ್ಕೆ ಮೊದಲು ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ, ದೂಳು ಹಾರುತ್ತದೆ. ಮಳೆ ಶುರುವಾದ ಮೇಲೆ ಪೇಂಟು ಮಂಜುಗಟ್ಟಿ ಬಿಳಿಚುತ್ತದೆ. ಅಂಚಿನ ಸಣ್ಣ ಗೆರೆ ಬರೆಯಲು ಸ್ಟಿಕ್ಕರ್ ಬೇಡ. ಕುಶಾಲನಗರದಲ್ಲೋ ಮೈಸೂರಿನಲ್ಲೋ ಲಾರಿಗೆ ಕೈಯಲ್ಲಿ ಹೆಸರು ಬರೆಯುವವರು ಇನ್ನೂ ಇದ್ದಾರೆ. ಉದ್ದ ಕೂದಲಿನ ಕುಂಚ ಹಿಡಿದು ಉಸಿರು ಬಿಗಿಹಿಡಿದು ಒಂದೇ ಎಳೆತಕ್ಕೆ ಗೆರೆ ಎಳೆಯುತ್ತಾರೆ. ಚಹಾ ಕೊಟ್ಟು, ಬಣ್ಣದ ಆಯ್ಕೆ ಅವರಿಗೇ ಬಿಡಿ. ಬೆಂಕಿ ಜ್ವಾಲೆ ಬರೆಸುವುದು ನಿಮ್ಮಿಷ್ಟ. ನನ್ನ ಶೆಡ್ಡಿನಲ್ಲಿ ಇಲ್ಲ.

ಕಟ್ಟಿ ಮುಗಿದ ಮೇಲೆ ಮೊದಲ ವಾರ ತೋಟದ ಸಮತಟ್ಟು ದಾರಿಯಲ್ಲಿ ಮಾತ್ರ ಓಡಿಸಿ. ದಿನಾ ಸಂಜೆ ಸ್ಪ್ಯಾನರ್ ಹಿಡಿದು ಸ್ಪ್ರಿಂಗಿನ ಯು-ಬೋಲ್ಟು, ವೀಲ್ ನಟ್ಟು, ಬೆಲ್ ಕ್ರ್ಯಾಂಕಿನ ನಟ್ಟು ಮತ್ತೆ ಬಿಗಿಯಿರಿ. ಹೊಸದಾಗಿ ಕೂತ ಪ್ಲೇಟುಗಳು ಒತ್ತಿಕೊಂಡು ಯು-ಬೋಲ್ಟು ಸಡಿಲ ಬಿಡುವುದು ಸಾಮಾನ್ಯ. ಡ್ರಮ್ ಮುಟ್ಟಿ ನೋಡಿ. ಒಂದು ಚಕ್ರದ್ದು ಮಾತ್ರ ಕೈ ಸುಡುತ್ತಿದ್ದರೆ ಆ ಶೂ ಹಿಡಿದುಕೊಂಡಿದೆ, ಅಡ್ಜಸ್ಟರ್ ಸ್ವಲ್ಪ ಸಡಿಲಿಸಿ. ಯು-ಬೋಲ್ಟು ಸಡಿಲ ಬಿಡುವುದು ನಿಂತ ಮೇಲೆ ಇಳಿಜಾರಿಗೆ ಇಳಿಸಿ, ಮೊದಲ ಸಲ ಖಾಲಿ ಜೀಪಿನಲ್ಲಿ, ಲೋ ಗೇರಿನಲ್ಲಿ.